ದನದ ಆಸ್ಪತ್ರೆಗೆ ಬಂದ ಬೆಕ್ಕು

ಮೊನ್ನೆ ಸಾರಿನ ರುಚಿ ನೋಡಲೆಂದು ಚಮಚಗಳ ಸ್ಟ್ಯಾಂಡಿಗೆ ಕೈ ಹಾಕಿದರೆ ಕೈಗೆ ಬಂದದ್ದು ಸೂಜಿಯಿಲ್ಲದ ಒಂದು ಸಿರಿಂಜು. ಮೈಮೇಲಿನ ಗೆರೆಗಳೆಲ್ಲ ಅಳಿಸಿಹೋಗಿ, ಒಳಗಿನ ರಬ್ಬರು ಸೆಟೆದುಕೊಂಡು, ಯಾವ ಕೆಲಸಕ್ಕೂ ಬಾರದ ಹಾಗಾಗಿತ್ತು. ಎಸೆಯೋಣವೆಂದು ಕಸದ ಬುಟ್ಟಿಯವರೆಗೂ ಹೋದೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ವಾಪಸು ತಂದು ಸೌಟಿನ ಪಕ್ಕದಲ್ಲೇ ಇಟ್ಟೆ. ಅಷ್ಟರಲ್ಲಿ ಒಲೆಯ ಮೇಲೆ ಸಾರು ಉಕ್ಕಿತು. ನನ್ನ ಸ್ವಭಾವವೇ ಹೀಗೆ. ಕೈಯಲ್ಲೊಂದು ಕೆಲಸವಿದ್ದರೆ ತಲೆಯಲ್ಲಿ ಇನ್ನೊಂದು ಓಡುತ್ತಿರುತ್ತದೆ. ಆ ಸಿರಿಂಜು ಕಣ್ಣಿಗೆ ಬಿದ್ದರಂತೂ ತಲೆ ನೇರವಾಗಿ ನಮ್ಮ ಬೆಕ್ಕು ಮಂಡಕ್ಕಿಗೆ ಕಾಯಿಲೆಯಾಗಿದ್ದ ದಿನಗಳ ಕಡೆಗೆ ಓಡುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರುಗಳ ಬಸ್ಸುಗಳು ಒಂದಲ್ಲ ಒಂದು ಹೊತ್ತಿನಲ್ಲಿ ನಮ್ಮೂರ ಸ್ಟ್ಯಾಂಡಿನಲ್ಲಿ ನಿಂತು ಹಾರನ್ನು ಹೊಡೆದು ಹೋಗುತ್ತವೆ. ನಮ್ಮೂರು ಯಾವುದೆಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಇಲ್ಲಿನ ದನದ ಡಾಕ್ಟರು ಯಾರೆಂದು ನಿಮಗೆ ತಿಳಿದುಬಿಡುತ್ತದೆ, ಅವರಿಗೆ ಬೇಜಾರಾಗುತ್ತದೆ. ಅವರ ಮೇಲೆ ನನಗಿದ್ದ ಸಿಟ್ಟು ಈಗ ಮೊದಲಿನಷ್ಟು ಇಲ್ಲ.

ನಾನು ಇಲ್ಲಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ನಮ್ಮ ಮನೆಯವರದು ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಬೋರುಗಳಲ್ಲಿ ಸುಟ್ಟುಹೋದ ಮೋಟರುಗಳೆಲ್ಲ ಟಂಟಂ ಆಟೋ ಏರಿಕೊಂಡು ಅವರ ಅಂಗಡಿಗೆ ಬರುತ್ತವೆ. ಬಿಚ್ಚಿ ತೆಗೆದ ಹಳೆಯ ತಾಮ್ರದ ತಂತಿಯನ್ನು ತುಂಬಿಡುವ ಗೋಣಿಚೀಲದಲ್ಲಿ ಯಾವುದೋ ಬೆಕ್ಕು ಮರಿ ಹಾಕಿ, ಮಿಕ್ಕವನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡು ಹೋಗಿ, ಒಂದನ್ನು ಅಲ್ಲೇ ಮರೆತುಹೋಯಿತು. ಬೆಳ್ಳಗೆ, ಉಬ್ಬಿಕೊಂಡು, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಮಂಡಕ್ಕಿ ಎಂದು ಹೆಸರಿಟ್ಟವರು ನಮ್ಮ ಮನೆಯವರೇ. "ಎರಡು ದಿನ ಹಾಲು ಹಾಕು, ಆಮ್ಯಾಲ ಹೊರಗ ಬಿಡೋಣು. ಬೆಕ್ಕಿನ ಕೂದಲು ಮನಿ ತುಂಬ ಆದ್ರ ನನಗ ಆಗಲ್ಲ" ಎಂದು ಷರತ್ತು ಹಾಕಿದವರೂ ಅವರೇ. ವರ್ಷ ತುಂಬುವ ಹೊತ್ತಿಗೆ ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ಅವರ ಎದೆಯ ಮೇಲೆ ಮಂಡಕ್ಕಿ, ಮಂಡಕ್ಕಿಯ ಮೇಲೆ ಅವರ ಕೈ. ಕೂದಲಿನ ಮಾತು ಆಮೇಲೆ ಬರಲೇ ಇಲ್ಲ.

ಮನೆಯ ಎದುರು ಯಾರೋ ಕಟ್ಟಡ ಕಟ್ಟಿಸಲೆಂದು ಮರಳು ಹಾಕಿಸಿದ್ದರು. ಕಟ್ಟಡ ಮೇಲೇಳಲಿಲ್ಲ, ಮರಳಿನ ಗುಡ್ಡೆ ಮಂಡಕ್ಕಿಯ ಪಾಯಖಾನೆಯಾಯಿತು. ಒಂದು ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಅದು ಮರಳು ಕೆದರಿ ಕೂತದ್ದನ್ನು ನೋಡಿದೆ. ಬಹಳ ಹೊತ್ತು ಕೂತಿತ್ತು. ಎದ್ದು ಬಂತು. ಮತ್ತೆ ಹೋಗಿ ಬೇರೆ ಕಡೆ ಕೆದರಿ ಕೂತಿತು. ಬೆನ್ನು ಬಿಲ್ಲಿನಂತೆ ಬಾಗಿತ್ತು. ನಾನು ರಂಗೋಲಿ ಹಾಕುವಷ್ಟರಲ್ಲಿ ಮತ್ತೂ ಎಷ್ಟೋ ಸಲ ಹೋಗಿ ಬಂತು. ಹೋಗಿ ನೋಡಿದರೆ ಮರಳಿನ ಮೇಲೆ ಏನೂ ಇಲ್ಲ.

"ಹೊಟ್ಟಿ ಕಟ್ಟಿರತೈತಿ ಬಿಡು" ಎಂದರು ನಮ್ಮ ಮನೆಯವರು, ಹಲ್ಲುಜ್ಜುತ್ತ. "ಬೆಕ್ಕು ತಾನ ಹುಲ್ಲು ತಿಂದು ಸರಿ ಮಾಡ್ಕೆಂತೈತಿ. ನೀನು ಅದರ ಹಿಂದ ಓಡ್ಯಾಡಬ್ಯಾಡ, ಅದಕ್ಕ ನಾಚಿಕಿ ಆಗತೈತಿ."

ನಾನು ಕಚೇರಿಗೆ ಹೋಗುವ ಮೊದಲು ದನದ ಆಸ್ಪತ್ರೆಗೆ ಹೋದೆ. ಡಾಕ್ಟರು ತೆಲಿಗಿ ಕಡೆ ಯಾವುದೋ ಹಳ್ಳಿಗೆ ದನಗಳಿಗೆ ಲಸಿಕೆ ಹಾಕಲು ಹೋಗಿದ್ದರು. ಅಲ್ಲಿದ್ದವರು ಫೋನು ಹಚ್ಚಿಕೊಟ್ಟರು. ಆ ಕಡೆಯಿಂದ ಎಮ್ಮೆಗಳು ಕೂಗುವ ಸದ್ದಿನ ನಡುವೆ ಡಾಕ್ಟರ ದನಿ ಕೇಳಿಸಿತು.

"ಬೆಕ್ಕಾ? ಔಡಲೆಣ್ಣಿ ಕುಡಿಸ್ರಿ. ನಾಳೆ ಮುಂಜಾನಿ ತಗೊಂಡು ಬರ್ರಿ, ನೋಡೋಣು."

ಬೆಕ್ಕಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸುವುದೆಂದರೆ ಏನೆಂದು ಕುಡಿಸಿದವರಿಗೇ ಗೊತ್ತು. ಎಣ್ಣೆಯಲ್ಲಿ ಅರ್ಧ ನನ್ನ ಸೀರೆಗೆ, ಕಾಲು ಭಾಗ ಗೋಡೆಗೆ, ಮಿಕ್ಕದ್ದು ಮಂಡಕ್ಕಿಯ ಗಡ್ಡಕ್ಕೆ. ಅವತ್ತು ಕಚೇರಿಯಲ್ಲಿ ನಾನು ಸ್ಪೀಡ್ ಪೋಸ್ಟಿನ ರಸೀದಿಯನ್ನು ಒಬ್ಬರದ್ದು ಇನ್ನೊಬ್ಬರಿಗೆ ಕೊಟ್ಟೆ. ಮಧ್ಯಾಹ್ನ ಮನೆಗೆ ಓಡಿ ಬಂದು ನೋಡಿದರೆ ಅದು ಬಚ್ಚಲ ಜಾಲರಿಯ ಮೇಲೆ ಕೂತಿತ್ತು. ಮರಳಿನವರೆಗೆ ಹೋಗುವ ತ್ರಾಣವೂ ಇಲ್ಲದೆ ಅಲ್ಲೇ ಮುಕ್ಕರಿಯುತ್ತಿತ್ತು.

ನನಗೆ ಪ್ರಾಣಿಗಳ ವೈದ್ಯ ಹೊಸದೇನಲ್ಲ. ನಾನು ಹುಟ್ಟಿ ಬೆಳೆದದ್ದು ನೀಲಗುಂದದಲ್ಲಿ, ಕೊಟ್ಟಿಗೆ ಮನೆಯ ಒಳಗೇ ಇದ್ದ ಕಾಲದಲ್ಲಿ. ನಾವು ಮಲಗುವ ಜಾಗಕ್ಕೂ ಎಮ್ಮೆ ಮಲಗುವ ಜಾಗಕ್ಕೂ ನಡುವೆ ಇದ್ದದ್ದು ಒಂದು ಮೆಟ್ಟಿಲು. ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ ಅಪ್ಪ ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ಅದರ ಬಾಯಿಗೆ ಸುರಿಯುತ್ತಿದ್ದ. ಮೂಗುದಾರ ಹಿಡಿದು ತಲೆ ಎತ್ತಿ ನಿಲ್ಲಿಸುವುದು ಅವ್ವನ ಕೆಲಸ. ಗಂಟಲನ್ನು ಕೆಳಮುಖವಾಗಿ ಸವರುವುದು ನನ್ನ ಕೆಲಸ. ನಾನು ಸವರದಿದ್ದರೆ ಔಷಧಿ ಒಳಗೆ ಇಳಿಯುವುದೇ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ಲೂನಾ ಮೇಲೆ ಬರುತ್ತಿದ್ದ ಡಾಕ್ಟರು ಯಾವ ಕಾಯಿಲೆಗೂ ಒಂದೇ ಗುಲಾಬಿ ಬಣ್ಣದ ಪುಡಿ ಕೊಡುತ್ತಿದ್ದರು. ಆದರೂ ಜನ ಅವರನ್ನು ನಂಬುತ್ತಿದ್ದರು. ಯಾಕೆಂದರೆ ಅವರು ಬಂದವರೇ ಮೊದಲು ದನದ ಕಿವಿ ಹಿಡಿಯುತ್ತಿದ್ದರು, ಆಮೇಲೆ ಹೊಟ್ಟೆಗೆ ಕಿವಿ ಹಚ್ಚುತ್ತಿದ್ದರು, ಬಾಲ ಎತ್ತಿ ನೋಡುತ್ತಿದ್ದರು, ಅದಾದ ಮೇಲೇ ಮಾತು.

ಬೆಕ್ಕುಗಳಿಗೆ ಮಾತ್ರ ಆ ಕಾಲದಲ್ಲಿ ವೈದ್ಯವೂ ಇರಲಿಲ್ಲ, ಹೆಸರೂ ಇರಲಿಲ್ಲ. ಕಾಳಿನ ಇಲಿ ಹಿಡಿಯಲಿಕ್ಕೆ ಒಂದು ಬೆಕ್ಕು ಇರುತ್ತಿತ್ತು. ಮೈಗೆ ಸರಿಯಿಲ್ಲದಿದ್ದರೆ ಅಟ್ಟ ಹತ್ತುತ್ತಿತ್ತು. ಸರಿಯಾದರೆ ಇಳಿದು ಬರುತ್ತಿತ್ತು. ಇಳಿಯದಿದ್ದರೆ ಇನ್ನೊಂದು ಬೆಕ್ಕು ಬರುತ್ತಿತ್ತು. ಆದ್ದರಿಂದ ಬೆಕ್ಕನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುವ ನನ್ನನ್ನು ನೋಡಿ ಓಣಿಯವರು ನಕ್ಕರೆ ಅವರ ತಪ್ಪೇನೂ ಇಲ್ಲ. ನಮ್ಮ ಅವ್ವನೇ ಬದುಕಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಮರುದಿನ ಬೆಳಿಗ್ಗೆ ಡಾಕ್ಟರು ಸಿಕ್ಕರು. ದೊಡ್ಡ ಆಳು. ಮುಖದಲ್ಲಿ ಒಳ್ಳೆಯತನವಿತ್ತು, ಕಿವಿಯಲ್ಲಿ ಫೋನಿತ್ತು. ಆಸ್ಪತ್ರೆಯ ಅಂಗಳದಲ್ಲಿ ಎರಡು ಆಕಳು, ಒಂದು ಕುರಿಹಿಂಡು, ಅವುಗಳ ನಡುವೆ ನಾನು, ನನ್ನ ಮಡಿಲಲ್ಲಿ ಟವೆಲು ಸುತ್ತಿದ ಮಂಡಕ್ಕಿ. ಕುರಿಯವನು "ನೀವು ಮೊದ್ಲು ಹೋಗ್ರಿ ಅಕ್ಕಾರ, ಅದು ಹೆಂಗೋ ಮಾಡಾಕತ್ತೈತಿ" ಎಂದು ದಾರಿ ಬಿಟ್ಟ.

ಡಾಕ್ಟರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಜಿನ ಆ ಕಡೆಯಿಂದಲೇ ಬಗ್ಗಿ ನೋಡಿದರು.

"ಏನಾಗೈತಿ?"

"ಕುಂದ್ರುತೈತಿ ಸರ್, ಮುಕ್ಕರಿತೈತಿ, ಏನೂ ಬರವಲ್ದು."

"ಎಣ್ಣಿ ಕುಡಿಸಿದ್ರಾ?"

"ಕುಡಿಸಿದೆ. ಅದಕ್ಕೂ ಏನೂ ಬರಲಿಲ್ಲ."

"ಲದ್ದಿ ಗಟ್ಟಿ ಆಗೈತಿ. ಬರತೈತಿ ಬಿಡ್ರಿ."

ಬೆಕ್ಕಿನದ್ದನ್ನು ಲದ್ದಿ ಎನ್ನುತ್ತಾರೆಯೇ ಎಂಬ ಪ್ರಶ್ನೆ ಆ ಗಾಬರಿಯಲ್ಲೂ ನನ್ನ ತಲೆಯಲ್ಲಿ ಹಾದುಹೋಯಿತು. ಅವರು ತೋಳು ಚಾಚಿ, ಮುಖ ಆ ಕಡೆ ತಿರುಗಿಸಿ, ಒಂದು ಇಂಜೆಕ್ಷನ್ನು ಚುಚ್ಚಿದರು. ಕಾಗದದಲ್ಲಿ ಸುತ್ತಿದ ಒಂದು ಗುಳಿಗೆ ಕೊಟ್ಟರು. ಬಿಚ್ಚಿ ನೋಡಿದರೆ ಎಮ್ಮೆಗೆ ಕೊಡುವ ಗುಳಿಗೆ, ಮಂಡಕ್ಕಿಯ ಪಾದಕ್ಕಿಂತ ದೊಡ್ಡದು.

"ಪುಡಿ ಮಾಡಿ ಚಿಟಿಕಿಯಷ್ಟು ಹಾಕ್ರಿ."

"ಚಿಟಿಕಿ ಅಂದ್ರ ಎಷ್ಟು ಸರ್?"

"ಬೆಕ್ಕಿಗೆ ಎಷ್ಟು ಬೇಕೋ ಅಷ್ಟು" ಎಂದು ಅವರು ಆಕಳಿನ ಕಡೆ ನಡೆದರು.

ನಾನು ಅಲ್ಲೇ ನಿಂತಿದ್ದೆ. ಗುಳಿಗೆ ಕೈಯಲ್ಲೇ ಇತ್ತು. ಅವರು ಆಕಳಿನ ಕುತ್ತಿಗೆಯ ಮೇಲೆ ಕೈಯಿಟ್ಟು ಏನೋ ಮೆಲ್ಲಗೆ ಮಾತಾಡುತ್ತಿದ್ದರು. ಆ ಕೈಯನ್ನು ನನ್ನ ಬೆಕ್ಕಿನ ಮೇಲೆ ಒಂದು ಸಲ ಇಟ್ಟಿದ್ದರೆ ಸಾಕಿತ್ತು ಅನ್ನಿಸಿತು. ಯಾಕೆ ಹಾಗನ್ನಿಸಿತೆಂದು ಆಗ ಹೇಳಲು ಬರುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಮಂಡಕ್ಕಿ ಕೂಗತೊಡಗಿತು. ಮಿಯಾಂವ್ ಅಲ್ಲ, ಹೊಟ್ಟೆಯ ಒಳಗಿನಿಂದ ಎಳೆದೆಳೆದು ತೆಗೆಯುವ ದನಿ. ಓಣಿಯ ಮೆಡಿಕಲ್ ಅಂಗಡಿಯವನು ಮಕ್ಕಳ ಜ್ವರದ ಸಿರಪ್ಪು ಕೊಟ್ಟ. "ನೋವಿಗೂ ಆಗತೈತಿ ಅಕ್ಕಾ, ಅರ್ಧ ಚಮಚ" ಎಂದ. ಮಂಡಕ್ಕಿ ಬಾಯಿಗೆ ತಾಗಿಸಿದ ಕೂಡಲೇ ನೊರೆ ಉಗುಳಿ ಚಮಚವನ್ನೇ ಹಾರಿಸಿತು. ಅದು ಬೆಕ್ಕಿಗೆ ವಿಷವೆಂದು ನನಗೆ ಆಮೇಲೆ ತಿಳಿಯಿತು. ಅಂದು ನಮ್ಮ ಮನೆಯಲ್ಲಿ ಬುದ್ಧಿ ಇದ್ದದ್ದು ಬೆಕ್ಕಿಗೆ ಮಾತ್ರ.

ಫೋನು ತೆಗೆದು ಹುಡುಕಿದೆ. ಒಂದು ವಿಡಿಯೋದಲ್ಲಿ ಯಾರೋ ಹೆಂಗಸು ಹಿಂದಿಯಲ್ಲಿ ಹೇಳುತ್ತಿದ್ದಳು. ಗಂಡು ಬೆಕ್ಕು ಹೀಗೆ ಮುಕ್ಕರಿದರೆ ಮೂತ್ರ ಕಟ್ಟಿರಬಹುದು, ತಡ ಮಾಡಬೇಡಿ. ಮಂಡಕ್ಕಿ ಗಂಡು ಬೆಕ್ಕು. ನಮ್ಮ ಮನೆಯವರಿಗೆ ತೋರಿಸಿದೆ. ಅವರು ಎರಡು ಸಲ ನೋಡಿದರು. ಎದ್ದು ಅಂಗಿ ಹಾಕಿಕೊಂಡರು. ಹತ್ತಿರದ ಇನ್ನೊಂದು ಪಟ್ಟಣದಲ್ಲಿ ನಾಯಿ ಬೆಕ್ಕುಗಳಿಗೆಂದೇ ಒಬ್ಬರು ಖಾಸಗಿ ಡಾಕ್ಟರು ಇದ್ದಾರೆಂದು ಯಾರೋ ಹೇಳಿದ್ದರು. ಮೋಟರಿನ ಸುರುಳಿ ಬಿಗಿಯುವ ಹತ್ತಿಯ ಪಟ್ಟಿಯಿಂದ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಬಾಯಿಗೆ ಬಾಯಿ ಸೇರಿಸಿ ಕಟ್ಟಿದರು. ಅದರೊಳಗೆ ಮಂಡಕ್ಕಿ. ಗಾಡಿಯ ಹಿಂದಿನ ಸೀಟಿನಲ್ಲಿ ನಾನು, ಮಡಿಲಲ್ಲಿ ಬುಟ್ಟಿ.

ಅಲ್ಲಿ ಗಾಜಿನ ಬಾಗಿಲಿತ್ತು. ಗೋಡೆಯ ಮೇಲೆ ನಮ್ಮ ಕಡೆ ಯಾರೂ ಸಾಕದ ನಾಯಿಗಳ ಚಿತ್ರಗಳಿದ್ದವು. ನನಗೆ ಧೈರ್ಯ ಬಂತು. ಡಾಕ್ಟರು ಎಳೆಯ ವಯಸ್ಸಿನವರು, ಇಸ್ತ್ರಿಯ ಅಂಗಿ, ಮಾತು ಬೆಂಗಳೂರಿನದು. ಮಂಡಕ್ಕಿಯ ಬಾಲದ ಬುಡದಲ್ಲಿ ಹನಿಯಷ್ಟು ಕೆಂಪು ನೀರು ಕಂಡು, "ಕಿಡ್ನಿ ಇನ್ಫೆಕ್ಷನ್" ಎಂದರು.

ನಾನು ಮೆಲ್ಲಗೆ ಹೇಳಿದೆ: "ಮೂತ್ರ ಕಟ್ಟಿರಬಹುದಾ ಸರ್? ಫೋನಿನಾಗ ನೋಡಿದೆ, ಗಂಡು ಬೆಕ್ಕಿಗೆ..."

"ಫೋನ್ ನೋಡಿ ಟ್ರೀಟ್‌ಮೆಂಟ್ ಮಾಡೋದಾದ್ರೆ ಇಲ್ಲಿಗ್ಯಾಕೆ ಬಂದ್ರಿ ಮೇಡಂ?"

ಕೌಂಟರಿನ ಈ ಕಡೆ ಕೂತು ದಿನವೆಲ್ಲ ಜನರಿಗೆ ಉತ್ತರ ಕೊಡುವ ನನಗೆ, ಕೌಂಟರಿನ ಆ ಕಡೆ ನಿಂತರೆ ನಾಲಿಗೆ ಹೀಗೆ ಮಡಚಿಕೊಳ್ಳುತ್ತದೆಂದು ಗೊತ್ತಿರಲಿಲ್ಲ. ಅವರು ಒಂದು ಇಂಜೆಕ್ಷನ್ನು ಕೊಟ್ಟರು, ಆ ಸೂಜಿಯಿಲ್ಲದ ಸಿರಿಂಜನ್ನು ಕೊಟ್ಟರು. "ಚೆನ್ನಾಗಿ ನೀರು ಕುಡಿಸಿ. ನೀರು ಹೋದಷ್ಟೂ ಒಳ್ಳೇದು."

ಕುಡಿಸಿದೆ. ದವಡೆಯ ಸಂದಿಯಲ್ಲಿ ಸಿರಿಂಜು ತೂರಿಸಿ, ನೀಲಗುಂದದಲ್ಲಿ ಎಮ್ಮೆಯ ಗಂಟಲು ಸವರಿದ ಹಾಗೆ ಮಂಡಕ್ಕಿಯ ಗಂಟಲು ಸವರುತ್ತ, ಮತ್ತೆ ಮತ್ತೆ ಕುಡಿಸಿದೆ. ಹೊರಗೆ ಹೋಗುವ ಬಾಗಿಲು ಮುಚ್ಚಿಹೋದ ಮನೆಯೊಳಗೆ ನಾನು ಕೊಡಗಟ್ಟಲೆ ನೀರು ಸುರಿಯುತ್ತಿದ್ದೆ. ಮರುದಿನ ಬೆಳಿಗ್ಗೆ ಅದು ನೀರನ್ನೆಲ್ಲ ವಾಂತಿ ಮಾಡಿ, ಬಚ್ಚಲಿನ ಮೂಲೆಯಲ್ಲಿ ಕಾಲು ಚಾಚಿ ಮಲಗಿತು. ಕರೆದರೆ ಕಿವಿ ಮಾತ್ರ ಅಲ್ಲಾಡುತ್ತಿತ್ತು.

ರಜೆ ಕೇಳಲು ಕಚೇರಿಗೆ ಹೋದಾಗ ನಮ್ಮ ಪೋಸ್ಟ್‌ಮನ್ ನಿಂಗಪ್ಪ ನನ್ನ ಮುಖ ನೋಡಿ, "ಏನಾತ್ರಿ ಮೇಡಂ?" ಎಂದ. ಹೇಳಿದೆ. ಹೇಳುತ್ತ ನನಗೆ ಅಳು ಬಂತು. ಅವನು ನಗಲಿಲ್ಲ.

"ಹಡಗಲ್ಯಾಗ ಒಬ್ರು ಹೊಸಾ ಡಾಕ್ಟ್ರಮ್ಮ ಬಂದಾರ್ರಿ. ಮಾಗಳದಾಗ ನಮ್ಮ ತಂಗಿ ಮನಿ ನಾಯಿ ಕಾಲು ಮುರಕೊಂಡಿತ್ತು, ಅವರ ಕಟ್ಟು ಹಾಕಿದ್ರು. ಬಸ್ಸು ಇನ್ನೇನು ಬರತೈತಿ, ಹೋಗ್ರಿ. ರಜಾ ನಾನು ಸಾಹೇಬ್ರಿಗೆ ಹೇಳ್ತೀನಿ."

ನಮ್ಮ ಮನೆಯವರು ಬುಟ್ಟಿ ಹಿಡಿದು ಸ್ಟ್ಯಾಂಡಿಗೆ ಬಂದರು. ಅಂದು ಅಂಗಡಿಯ ಮುಂದೆ ಮೂರು ಹಳ್ಳಿಯ ರೈತರು ಮೋಟರಿಗಾಗಿ ಕಾದಿದ್ದರು. ಬೆಳೆ ಒಣಗುವ ಹೊತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಅವರು ಬಸ್ಸಿನ ಕಿಟಕಿಯ ಹತ್ತಿರ ನಿಂತು, ಬುಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ಮಂಡಕ್ಕಿಯ ಕಿವಿ ಸವರುತ್ತಿದ್ದರು. ಬಸ್ಸು ಹೊರಟ ಮೇಲೂ ಅಲ್ಲೇ ಇದ್ದರು.

ಕಂಡಕ್ಟರು ಬುಟ್ಟಿ ನೋಡಿ, "ಏನೈತಿ ಇದರಾಗ?" ಎಂದ.

"ಬೆಕ್ಕು."

"ಕೋಳಿಗೆ ಟಿಕೆಟ್ ಐತಿ ಅಕ್ಕಾರ. ಬೆಕ್ಕಿಗೆ ಏನು ಮಾಡ್ಬೇಕೋ ನನಗೂ ತಿಳಿವಲ್ದು. ಕೋಳಿ ಅಂತ ಹರೀಲಾ?"

"ಏನಾದ್ರೂ ಹರೀರಿ. ಬಸ್ಸು ಜೋರಾಗಿ ಹೋದ್ರ ಸಾಕು."

ಅವನು ಬಗ್ಗಿ ಮಂಡಕ್ಕಿಯನ್ನು ನೋಡಿದ. ಕೋಳಿಯ ಟಿಕೆಟ್ಟೂ ಹರಿಯಲಿಲ್ಲ. ಮುಂದೆ ಹೋಗಿ ಡ್ರೈವರಿಗೆ ಏನೋ ಹೇಳಿದ. ಬಸ್ಸು ಜೋರಾಯಿತೋ ಇಲ್ಲವೋ ಗೊತ್ತಿಲ್ಲ. ನನಗಂತೂ ಪ್ರತಿ ಸ್ಟಾಪಿನಲ್ಲೂ ಇಳಿಯುವವರೆಲ್ಲ ಬೇಕೆಂದೇ ನಿಧಾನ ಮಾಡುತ್ತಿದ್ದಾರೆ ಅನ್ನಿಸಿತು. ನಡುನಡುವೆ ನಮ್ಮ ಮನೆಯವರ ಫೋನು. ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಐತೇನು?"

"ಐತಿ" ಎನ್ನುತ್ತಿದ್ದೆ.

ಹಡಗಲಿಯ ಡಾಕ್ಟರಮ್ಮ ನನಗೆ ಮಗಳಾಗುವ ವಯಸ್ಸಿನವಳು. ಕುರಿಯೊಂದಕ್ಕೆ ಹೊಲಿಗೆ ಹಾಕಿ ಕೈ ತೊಳೆಯುತ್ತಿದ್ದಳು. ಬುಟ್ಟಿ ಬಿಚ್ಚುತ್ತಲೇ ಒಂದು ಪ್ರಶ್ನೆಯನ್ನೂ ಕೇಳದೆ ಮಂಡಕ್ಕಿಯ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಹಾಕಿದವಳು ಹಾಗೇ ನಿಂತಳು. ನನ್ನ ಕೈ ಹಿಡಿದು ಅಲ್ಲಿಗೆ ಒಯ್ದಳು.

"ಇಲ್ಲಿ ಮುಟ್ರಿ. ಚಂಡಿನಂಗ ಐತಿ ನೋಡ್ರಿ. ಇದು ಮೂತ್ರದ ಚೀಲ. ದಾರಿ ಕಟ್ಟೈತಿ."

ಎಲ್ಲ ಕೇಳಿಸಿಕೊಂಡಳು: ಔಡಲೆಣ್ಣೆ, ಗುಳಿಗೆ, ಸಿರಪ್ಪು, ನೀರು. ಯಾರನ್ನೂ ಬೈಯಲಿಲ್ಲ. ಸಿರಪ್ಪಿನ ಮಾತು ಬಂದಾಗ ಮಾತ್ರ ಕಣ್ಣು ಮುಚ್ಚಿ ತೆಗೆದಳು. ಆಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾನು ಎದುರಿಗೆ ನಿಂತು ಹೇಳಿದಳು:

"ಅಮ್ಮ, ನಿಮಗ ಸುಳ್ಳು ಹೇಳಂಗಿಲ್ಲ. ನಾನು ಇದನ್ನ ಒಂದೇ ಸಲ ಮಾಡೀನಿ, ಕಾಲೇಜಿನಾಗ, ನಮ್ಮ ಸರ್ ಬಾಜೂಕ ಇದ್ದಾಗ. ಬೆಕ್ಕಿಗೆ ಹಾಕೋ ಟ್ಯೂಬ್ ಇಲ್ಲಿ ಇಲ್ಲ. ದಾವಣಗೆರಿಗೆ ಹೋದ್ರ ಎಲ್ಲ ಐತಿ."

"ಅಲ್ಲಿ ತನಾ ಉಳೀತೈತಾ?"

"ನನಗ ಗೊತ್ತಿಲ್ಲ."

"ಇಲ್ಲಿ ಮಾಡಿದ್ರ?"

"ಅದೂ ಗೊತ್ತಿಲ್ಲ. ಮಾಡೋ ಹೊತ್ತಿನಾಗ ಹೋದ್ರೂ ಹೋಗಬಹುದು."

ಮೂರು ದಿನಗಳಲ್ಲಿ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಕೆಟ್ಟ ಮಾತು ಬೇರೆ ಇರಲಿಲ್ಲ. ಆದರೂ ಅದನ್ನು ಕೇಳಿದ ಮೇಲೆ ನನ್ನ ಎದೆಯೊಳಗೆ ಓಡುತ್ತಿದ್ದದ್ದು ನಿಂತಿತು. ಬರತೈತಿ ಬಿಡ್ರಿ ಎಂದವರಿದ್ದರು, ಇಲ್ಲಿಗ್ಯಾಕೆ ಬಂದ್ರಿ ಎಂದವರಿದ್ದರು. ಗೊತ್ತಿಲ್ಲ ಎಂದವರು ಇವಳೊಬ್ಬಳೇ. ಗೊತ್ತಿಲ್ಲ ಎಂದವಳ ಕೈ ಆಗಲೂ ಮಂಡಕ್ಕಿಯ ಬೆನ್ನ ಮೇಲೇ ಇತ್ತು.

"ಇಲ್ಲೇ ಮಾಡು ತಾಯಿ" ಎಂದೆ.

ಅವಳು ತನ್ನ ಮೇಷ್ಟ್ರಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಸ್ಪಿರಿಟ್ಟಿನ ಬಾಟಲಿಗೆ ಆನಿಸಿ ನಿಲ್ಲಿಸಿದಳು. ಮನುಷ್ಯರಿಗೆ ಸಲೈನು ಹಾಕುವಾಗ ಕೈಯಲ್ಲಿ ಉಳಿಸುತ್ತಾರಲ್ಲ, ಅಂಥ ಸಣ್ಣ ಮೆತ್ತನೆಯ ನಳಿಕೆ ತಂದು ಅದರೊಳಗಿನ ಸೂಜಿಯನ್ನು ತೆಗೆದುಹಾಕಿದಳು. ಮಂಪರಿನ ಇಂಜೆಕ್ಷನ್ನು ಕೊಟ್ಟಳು. ನಾನು ಮಂಡಕ್ಕಿಯ ಕತ್ತಿನ ಹಿಂಬದಿ ಮತ್ತು ಹಿಂಗಾಲು ಹಿಡಿದೆ. ಫೋನಿನೊಳಗಿನ ಮೇಷ್ಟ್ರು "ಅವಸರ ಬೇಡ, ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ಹಾಕು" ಎನ್ನುತ್ತಿದ್ದರು. ಅವಳ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನು ನನ್ನ ಭುಜ ಚಾಚಿದೆ, ಅವಳು ಅದಕ್ಕೇ ಒರೆಸಿಕೊಂಡಳು.

ಒಳಗೆ ಮರಳಿನಂಥದ್ದೇನೋ ಸಿಕ್ಕಿಕೊಂಡಿದೆ ಎಂದಳು. ನೀರು ಹಾಯಿಸಿದಳು, ಹಿಂದೆಳೆದಳು. ಮತ್ತೆ ಹಾಯಿಸಿದಳು. ಮೊದಲ ಹನಿ ಕಪ್ಪು ಚಹಾದ ಬಣ್ಣದ್ದು. ಆಮೇಲೆ ಸಣ್ಣ ಧಾರೆ. ಸ್ಟೀಲಿನ ತಟ್ಟೆ ತುಂಬಿತು, ಇನ್ನೊಂದು ತಟ್ಟೆ ಇಟ್ಟಳು. ನಾನು ಮೂತ್ರವನ್ನು ಅಷ್ಟು ಆಸೆಯಿಂದ ನೋಡಿದ್ದು ಜನ್ಮದಲ್ಲಿ ಅದೊಂದೇ ಸಲ.

ಮಂಡಕ್ಕಿ ಉಳಿಯಿತು. ಸುಲಭವಾಗಿ ಉಳಿಯಲಿಲ್ಲ. ಸಲೈನು ಹಾಕಿಸಿಕೊಳ್ಳಲು ಮತ್ತೆ ಮತ್ತೆ ಹಡಗಲಿ ಬಸ್ಸು ಹತ್ತಬೇಕಾಯಿತು. ಒಂದು ಸಲ ಮತ್ತೆ ಕಟ್ಟಿತು, ಡಾಕ್ಟರಮ್ಮ ಮತ್ತೆ ಬಿಡಿಸಿದಳು. ಈಗಲೂ ಅದು ಮರಳಿಗೆ ಹೋದರೆ ನಾನು ಹಿಂದೆಯೇ ಹೋಗಿ ಒದ್ದೆಯಾಗಿದೆಯೇ ಎಂದು ಬಗ್ಗಿ ನೋಡುತ್ತೇನೆ. ಓಣಿಯವರು ಇದಕ್ಕೂ ಒಗ್ಗಿಕೊಂಡಿದ್ದಾರೆ. ನಾನು ಕಚೇರಿಯಲ್ಲಿದ್ದರೆ ಎದುರು ಮನೆಯ ಹೆಂಗಸು ಸಂಜೆ ವರದಿ ಒಪ್ಪಿಸುತ್ತಾಳೆ: "ಮಧ್ಯಾಹ್ನ ಒಂದ್ಸಲ ಹೋಗೈತಿ ನೋಡಕ್ಕಾ, ಚಲೋ ಹೋಗೈತಿ."

ಆದರೆ ನನ್ನ ಸಿಟ್ಟು ಇಳಿದಿರಲಿಲ್ಲ. ಬೆಕ್ಕು ಸರಿಯಾದಷ್ಟೂ ಸಿಟ್ಟು ಬಲಿಯಿತು. ಅನ್ನಕ್ಕೆ ಇಡುವಾಗ, ಸ್ಟಾಂಪು ಹರಿಯುವಾಗ, ನಮ್ಮೂರ ಡಾಕ್ಟರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಒಂದು ದಿನ ಊಟದ ಬಿಡುವಿನಲ್ಲಿ ಹೋಗಿಯೇಬಿಟ್ಟೆ. ಡಾಕ್ಟರು ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು, ಒಂದು ಆಕಳಿನ ಗಬ್ಬ ಪರೀಕ್ಷೆ ಮಾಡುತ್ತಿದ್ದರು. ತೋಳು ಪೂರ್ತಿ ಒಳಗಿತ್ತು. ಕಾಯುವ ತಾಳ್ಮೆ ನನಗಿರಲಿಲ್ಲ.

"ಸರ್, ನಮ್ಮ ಬೆಕ್ಕಿಗೆ ಮೂತ್ರ ಕಟ್ಟಿತ್ತು. ಮಲ ಅಲ್ಲ."

"ಹೌದಾ? ಈಗ ಹೆಂಗೈತಿ?"

"ಹಡಗಲಿಗೆ ಒಯ್ದೆ. ಉಳೀತು."

"ಚಲೋ ಆತು ಬಿಡ್ರಿ."

"ಚಲೋ ಆಗಿದ್ದು ನಿಮ್ಮಿಂದ ಅಲ್ಲ ಸರ್. ನೀವು ಮುಟ್ಟಿ ಸುದ್ದಾ ನೋಡಲಿಲ್ಲ. ಒಂದು ಸಲ ಹೊಟ್ಟಿ ಮುಟ್ಟಿದ್ರ ಗೊತ್ತಾಗ್ತಿತ್ತು."

ಆಕಳಿನ ಯಜಮಾನ ಹಗ್ಗ ಹಿಡಿದುಕೊಂಡು ನೆಲ ನೋಡತೊಡಗಿದ. ಡಾಕ್ಟರು ತೋಳು ಹೊರಗೆ ತೆಗೆದು, ಕೈಗವಸು ಕಳಚಿ, "ಮೂರು ತಿಂಗಳದು ಐತಿ" ಎಂದು ಅವನಿಗೆ ಹೇಳಿ, ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದರು. ಆಮೇಲೆ ಬಂದು ಬಲಗೈಯನ್ನು ನನ್ನ ಮುಂದೆ ಚಾಚಿದರು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗಂಟುಗಂಟಾದ ಹಳೆಯ ಗಾಯದ ಕಲೆ.

"ಕಾಲೇಜಿನಾಗ ಬೆಕ್ಕು ಕಡಿದಿದ್ದು. ಕೈ ಬಾತು ನಾನ ಆಸ್ಪತ್ರಿ ಸೇರಿದ್ದೆ. ಆಕಳು ಒದಿಯೋದು ಮೊದ್ಲು ಗೊತ್ತಾಗತೈತಿ ಮೇಡಂ. ಬೆಕ್ಕು ಯಾವಾಗ ಕಡಿತೈತಿ ಗೊತ್ತಾಗಂಗಿಲ್ಲ. ಅವತ್ತಿಂದ ಬೆಕ್ಕು ಅಂದ್ರ ನನ್ನ ಕೈ ಮುಂದ ಹೋಗಂಗಿಲ್ಲ."

ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಅಷ್ಟು ದೊಡ್ಡ ಆಳು, ಹೋರಿಗಳ ಮೂಗು ಹಿಡಿದು ನಿಲ್ಲಿಸುವವರು, ಕೈ ಚಾಚಿ ನಿಂತಿದ್ದರು. ಆದರೂ ಒಂದು ಮಾತು ಉಳಿದಿತ್ತು, ಹೇಳಿದೆ.

"ಹೆದರಿಕಿ ಯಾರಿಗಿಲ್ಲ ಸರ್. ನನ್ನ ಕೈಲಿ ಆಗಂಗಿಲ್ಲ, ಬೇರೆ ಕಡೆ ಒಯ್ರಿ ಅಂತ ಅವತ್ತ ಹೇಳಿದ್ರ ನಾನು ಅವತ್ತ ಹೋಗ್ತಿದ್ದೆ. ಅದು ಅಷ್ಟು ನರಳೋದು ತಪ್ಪತಿತ್ತು."

ಅವರು ಕೈ ಒರೆಸಿಕೊಂಡರು. "ಹೌದ್ರಿ" ಎಂದರು. "ಹೇಳಬಹುದಿತ್ತು." ಹಡಗಲಿ ಡಾಕ್ಟರಮ್ಮನ ನಂಬರು ಕೇಳಿದರು. ಕೊಟ್ಟೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಕೌಂಟರಿನಲ್ಲಿದ್ದಾಗ ಅವರ ಫೋನು ಬಂತು. "ಮೇಡಂ, ಒಂದು ಬೆಕ್ಕು ಬಂದೈತಿ. ಹಿಡಿಯೋರು ಯಾರೂ ಇಲ್ಲ. ಐದು ನಿಮಿಷ ಬರ್ತೀರಾ?"

ಹೋದೆ. ಮಿರ್ಚಿ ಬಂಡಿಯ ವೀರಣ್ಣ ಗೋಣಿಚೀಲದ ಬಾಯಿ ಹಿಡಿದುಕೊಂಡು ನಿಂತಿದ್ದ. ಒಳಗೆ ಹಳದಿ ಪಟ್ಟೆಯ ದೊಡ್ಡ ಗಂಡು ಬೆಕ್ಕು, ಸಿಟ್ಟಿನಿಂದ ಬುಸುಗುಡುತ್ತಿತ್ತು. ಅದನ್ನು ಮೇಜಿನ ಮೇಲೆ ತೆಗೆದು ಕತ್ತಿನ ಹಿಂದೆ ಹಿಡಿದೆ. "ಈಗ ಮುಟ್ರಿ ಸರ್" ಎಂದೆ.

ಡಾಕ್ಟರ ಕೈ ಮುಂದೆ ಬಂತು, ನಿಂತಿತು, ಮತ್ತೆ ಬಂತು. ಬೆಕ್ಕು ಗುರ್ರೆಂದಿತು. ಅವರು ಕೈ ಹಿಂದೆ ತೆಗೆಯಲಿಲ್ಲ. ಹೊಟ್ಟೆಯ ಕೆಳಗೆ ಒತ್ತಿ ನೋಡಿ, ನನ್ನ ಮುಖ ನೋಡಿದರು.

"ಚಂಡಿನಂಗ ಐತಿ. ಮೂತ್ರ ಕಟ್ಟೈತಿ. ವೀರಣ್ಣ, ಇದು ನನ್ನ ಕೈಲಿ ಆಗಂಗಿಲ್ಲ, ನಾನು ಯಾವತ್ತೂ ಮಾಡಿಲ್ಲ. ಈಗಿಂದೀಗ ಹಡಗಲಿಗೆ ಒಯ್ಯಿ. ನಾನು ಫೋನ್ ಮಾಡಿ ಹೇಳ್ತೀನಿ."

"ಆಗಂಗಿಲ್ಲ ಅಂದ್ರ ನೀವು ಯಾಕ ಇದ್ದೀರಿ ಸಾಹೇಬ್ರ?" ವೀರಣ್ಣನ ದನಿ ಏರಿತು. "ಸರ್ಕಾರ ನಿಮ್ಮನ್ನ ಇಲ್ಲಿ ಕುಂದ್ರಿಸಿದ್ದು ಯಾಕ? ಒಂದು ಇಂಜೆಕ್ಷನ್ ಹಾಕಾಕ ಬರಂಗಿಲ್ಲಾ?"

ಡಾಕ್ಟರು ತಲೆ ತಗ್ಗಿಸಿ ಫೋನಿನಲ್ಲಿ ನಂಬರು ಹುಡುಕುತ್ತಿದ್ದರು. ಒಂದು ಇಂಜೆಕ್ಷನ್ನು ಚುಚ್ಚಿ, ಬರತೈತಿ ಬಿಡು ಎಂದು ಕಳಿಸಿದ್ದರೆ ವೀರಣ್ಣ ಕೈಮುಗಿದು ಹೋಗುತ್ತಿದ್ದ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬೆಕ್ಕನ್ನು ಚೀಲಕ್ಕೆ ಹಾಕಿ ವೀರಣ್ಣನ ತೋಳು ಹಿಡಿದೆ. ದಾರಿಯುದ್ದಕ್ಕೂ ಅವನು ಬೈದ. "ಇಂಥ ಡಾಕ್ಟ್ರ ಇದ್ರ ಊರು ಉದ್ಧಾರ ಆದಂಗ" ಎಂದ. ನಾನು ವಾದಿಸಲಿಲ್ಲ. "ಬಸ್ಸು ನಿಂತೈತಿ, ಹತ್ತು" ಎಂದೆ.

ವಾಪಸು ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಡಾಕ್ಟರ ಫೋನು. "ಹತ್ತಿದ್ನಾ ಮೇಡಂ?"

"ಹತ್ತಿದ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ಬಸ್ಸು ಎಲ್ಲೈತಂತ? ಅವನ ಫೋನು ಹತ್ತವಲ್ದು."

"ನನಗೂ ಗೊತ್ತಿಲ್ಲ ಸರ್." ಅವರು ಫೋನು ಇಡಲಿಲ್ಲ. ಆ ಕಡೆಯಿಂದ ಅವರು ಅಂಗಳದಲ್ಲಿ ಅತ್ತಿತ್ತ ನಡೆಯುವ ಚಪ್ಪಲಿಯ ಸದ್ದು ಕೇಳುತ್ತಿತ್ತು.

ಮೂರನೆಯ ಸಲ ಫೋನು ಬಂದಾಗ ಕೌಂಟರಿನ ಮುಂದೆ ಉದ್ದ ಸಾಲಿತ್ತು. ಆ ಕಡೆಯಿಂದ "ಮೇಡಂ" ಎಂದು ಅವರು ಉಸಿರು ತೆಗೆದುಕೊಂಡರು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

"ಏನಾತು ಸರ್? ಮೂತ್ರ ಬಂತಾ?"

ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

"ಬಂತಂತ್ರಿ" ಎಂದರು ಡಾಕ್ಟರು. "ಸ್ಟೀಲಿನ ತಟ್ಟಿ ತುಂಬ ಬಂತಂತ." ಆ ದನಿ ಕೇಳಿದ ಯಾರೇ ಆಗಲಿ, ಆ ಬೆಕ್ಕನ್ನು ಸಾಕಿದವರು ಅವರೇ ಎಂದುಕೊಳ್ಳಬೇಕು.